ಹಿಂಡಿಯ ಚೀಲಕ್ಕೆ ಹಾಲೇ ಸಾಕ್ಷಿ

ಬೆಳಗಿನ ಆರು ಗಂಟೆಗೆ ಶ್ರೀನಿವಾಸಪುರ ಸುತ್ತಿನ ಯಾವ ಹಳ್ಳಿಯ ಡೇರಿ ಮುಂದೆ ನಿಂತರೂ ಕಿವಿಗೆ ಬೀಳುವ ಮೊದಲ ಪ್ರಶ್ನೆ ಒಂದೇ: ‘ಫ್ಯಾಟ್ ಎಷ್ಟು ಬಂತಣ್ಣ?’ ಕ್ಯಾನಿನಿಂದ ಒಂದಿಷ್ಟು ಹಾಲು ಪುಟ್ಟ ಕಪ್ಪಿಗೆ ಬೀಳುತ್ತದೆ, ಯಂತ್ರ ಗುರ್ ಎನ್ನುತ್ತದೆ, ಚೀಟಿ ಹೊರಬರುತ್ತದೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಂಬ ಕೊಬ್ಬೇತರ ಘನಾಂಶ ಎಷ್ಟು, ದುಡ್ಡೆಷ್ಟು ಎಲ್ಲ ಅದರಲ್ಲಿರುತ್ತದೆ. ಒಂದು ಪಾಯಿಂಟ್ ಕಡಿಮೆ ಬಂದರೆ ಕಾರ್ಯದರ್ಶಿಯ ಜೊತೆ ಜಗಳ. ಜಾಸ್ತಿ ಬಂದರೆ ಮಾತಿಲ್ಲದೆ ಚೀಟಿ ಸೆರಗಿನ ಗಂಟು ಸೇರುತ್ತದೆ. ನೀರು ಬೆರೆತಿದೆಯೇ ಎಂದು ನೋಡುತ್ತಾರೆ, ಹುಳಿ ಬಂದಿದೆಯೇ ಎಂದು ಮೂಸುತ್ತಾರೆ. ಹಸು ನಿನ್ನೆ ಏನು ತಿಂದಿತು ಎಂದು ಕೇಳುವವರಿಲ್ಲ. ಚೀಟಿಯಲ್ಲಿ ಅದಕ್ಕೆ ಜಾಗವೂ ಇಲ್ಲ.

ಆದರೆ ಹಾಲಿಗೆ ಅದರ ಉತ್ತರ ಗೊತ್ತಿರುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನೋ, ಮುಗ್ಗಿದ ಮುಸುಕಿನ ಜೋಳದ ನುಚ್ಚನ್ನೋ ಹಸು ತಿಂದರೆ ಅದರಲ್ಲಿರುವ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಪಿತ್ತಜನಕಾಂಗಕ್ಕೆ ಹೋಗಿ, ಅಲ್ಲಿ ಕೊಂಚ ರೂಪ ಬದಲಿಸಿಕೊಂಡು ಎಂ1 ಎಂಬ ಹೊಸ ಹೆಸರಿನಲ್ಲಿ ಕೆಚ್ಚಲಿಗೆ ಇಳಿಯುತ್ತದೆ. ಈ ‘ಎಂ’ ಎಂದರೆ ಮಿಲ್ಕ್. ತಿಂದ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಅದು ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೆಟ್ಟ ಹಿಂಡಿ ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಬಹುಪಾಲು ಮಾಯವಾಗುತ್ತದೆ. ತಿಂದ ವಿಷದಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಪಾಲು ಹೀಗೆ ಹಾಲಿಗೆ ಬರುತ್ತದೆ, ಹೆಚ್ಚು ಕರೆಯುವ ಹಸುವಾದರೆ ಆರರವರೆಗೂ. ಮೂರು ಉಕ್ಕು ಬರಿಸಿ ಕಾಯಿಸಿದರೂ ಹೋಗುವುದಿಲ್ಲ, ಪಾಶ್ಚರೀಕರಣಕ್ಕೂ ಜಗ್ಗುವುದಿಲ್ಲ. ಹಾಲಿನ ಕೇಸಿನ್‌ಗೆ ಅಂಟಿಕೊಳ್ಳುವುದರಿಂದ ಪನೀರಿನಲ್ಲಿ ಹೆಚ್ಚು ಉಳಿಯುತ್ತದೆ, ತುಪ್ಪದಲ್ಲಿ ತೀರ ಕಡಿಮೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ವ್ಯತ್ಯಾಸವಿಲ್ಲ. ಫ್ಯಾಟ್ ನೋಡುವ ಯಂತ್ರಕ್ಕೆ ಇದು ಕಾಣುವುದೇ ಇಲ್ಲ.

ಈ ವಿಷದ ಕಥೆ ಶುರುವಾದದ್ದೇ ಕಡಲೆಕಾಯಿ ಹಿಂಡಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ಬಂದ ಹಿಂಡಿ ಸಿಕ್ಕಿತು, ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಸಿಕ್ಕಿತು. ಆ ಎರಡು ಪದಗಳ ಮೊದಲಕ್ಷರಗಳನ್ನು ಟಾಕ್ಸಿನ್‌ಗೆ ಜೋಡಿಸಿ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಅದಾದ ಕೆಲವೇ ವರ್ಷಗಳಲ್ಲಿ, 1966ರ ಹೊತ್ತಿಗೆ, ಆಗಿನ ಮೈಸೂರು ರಾಜ್ಯದಲ್ಲೂ ಹಿಂಡಿಯ ಇದೇ ವಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತದ್ದನ್ನು ನಮ್ಮ ಪಶುವೈದ್ಯರು ದಾಖಲಿಸಿದ್ದಾರೆ. 1974ರಲ್ಲಿ ಸರದಿ ಮನುಷ್ಯರದು. ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳಲ್ಲಿ ಮಳೆಗೆ ಸಿಕ್ಕ ಮುಸುಕಿನ ಜೋಳ ತಿಂದು 397 ಮಂದಿ ಕಾಯಿಲೆ ಬಿದ್ದರು, 106 ಜನ ಸತ್ತರು. ಹೀಗಾಗಿ ಇದು ಹೊರದೇಶದವರು ನಮ್ಮ ಮೇಲೆ ಹೊರಿಸಿದ ಹೊಸ ಚಿಂತೆಯೇನಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಮುಂದಿಟ್ಟುಕೊಂಡು ಈ ಮಾತಾಡುವುದಕ್ಕೆ ಕಾರಣವಿದೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಈ ಜಿಲ್ಲೆ ಹಾಲಿನಿಂದ ಬದುಕುತ್ತಿದೆ. ಕೇಂದ್ರದಲ್ಲೂ ರಾಜ್ಯದಲ್ಲೂ ಮಂತ್ರಿಯಾಗಿದ್ದ ಇಲ್ಲಿಯವರೇ ಆದ ಎಂ.ವಿ. ಕೃಷ್ಣಪ್ಪ ಈ ಸೀಮೆಗೆ ಸೀಮೆಹಸು ತಂದ ಕಥೆಯನ್ನು ಹಳಬರು ಈಗಲೂ ಹೇಳುತ್ತಾರೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಡೇರಿ ಯೋಜನೆ ಶುರುವಾಗಿ, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳಿಯಾಯಿತು. 1987ರಲ್ಲಿ ಬೆಂಗಳೂರು ಒಕ್ಕೂಟದಿಂದ ಬೇರೆಯಾಗಿ ಕೋಲಾರದ ಒಕ್ಕೂಟ ಹುಟ್ಟಿತು. ಬೆಳೆ ಕೈಕೊಟ್ಟ ವರ್ಷ ಮಗಳ ಫೀಸು, ಮನೆಯ ರೇಷನ್ನು, ಬೋರ್‌ವೆಲ್ ಸಾಲದ ಕಂತು ಎಲ್ಲವೂ ಹಾಲಿನ ಬಟವಾಡೆಯ ಮೇಲೆ ನಿಂತ ಮನೆಗಳು ಇಲ್ಲಿ ಊರೂರಲ್ಲಿವೆ.

ನಾಟಿ ಹಸು ಬಯಲಲ್ಲಿ ಮೇಯ್ದು, ಸಂಜೆ ಕಲಗಚ್ಚು ಕುಡಿದು, ರಾತ್ರಿ ರಾಗಿಹುಲ್ಲು ಮೆಲುಕು ಹಾಕಿ ಎರಡು ಲೀಟರ್ ಕೊಡುತ್ತಿತ್ತು. ಸೀಮೆಹಸು ಹದಿನೈದು ಲೀಟರ್ ಕೊಡಬೇಕಾದರೆ ಅದಕ್ಕೆ ಬೂಸಾ ಬೇಕು, ಹಿಂಡಿ ಬೇಕು, ಜೋಳದ ನುಚ್ಚು ಬೇಕು, ಚೀಲದ ಫೀಡ್ ಬೇಕು. ಗೋಮಾಳ ಕರಗಿದೆ, ನೀರು ಸಾವಿರ ಅಡಿ ಕೆಳಗೆ ಹೋಗಿದೆ. ಹಸಿ ಮೇವು ಬೆಳೆಯಲಾಗದವರು ದುಡ್ಡು ಕೊಟ್ಟೇ ಮೇವು ತರುತ್ತಾರೆ. ಮುಳಬಾಗಿಲಿನಿಂದ ನಂಗಲಿ ದಾಟಿದರೆ ಆಂಧ್ರ, ಮಾಲೂರಿನ ಕೆಳಗೆ ತಮಿಳುನಾಡು, ಹಿಂಡಿಗೆ ಗಡಿಯೆಂಬುದಿಲ್ಲ. ಬೆಂಗಳೂರಿಗೆ ಹತ್ತಿರದ ಕಡೆಗಳಲ್ಲಿ ಬಿಯರ್ ಕಾರ್ಖಾನೆಯ ಒದ್ದೆ ಧಾನ್ಯದ ಚರಟವೂ ಕೊಟ್ಟಿಗೆ ಸೇರುತ್ತದೆ. ಹೀಗೆ ಹಸು ತಿನ್ನುವುದರಲ್ಲಿ ಸಾಕಿದವರ ಕಣ್ಣೆದುರು ಬೆಳೆಯದ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ.

ಇಲ್ಲಿನ ಹವಾಮಾನವೂ ಶಿಲೀಂಧ್ರದ ಪರ. ಕಡಲೆಕಾಯಿ ನೆಲದೊಳಗೆ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟರೆ ಗಿಡ ಬಳಲುತ್ತದೆ, ಕಾಯಿ ಇನ್ನೂ ಮಣ್ಣಿನಲ್ಲಿರುವಾಗಲೇ ಫ್ಲೇವಸ್ ಒಳಹೊಗುತ್ತದೆ. ನಮ್ಮ ನೆರೆಯ ಅನಂತಪುರದ ಹೊಲಗಳಲ್ಲಿ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವರ್ಷಗಟ್ಟಲೆ ನೋಡಿದ್ದು ಇದನ್ನೇ. ಅದರ ಮೇಲೆ ಕಿತ್ತು ಹಾಕಿದ ಬೆಳೆ ಹಿಂಗಾರಿನ ಮಳೆಗೆ ನೆನೆದರೆ ಕೇಳುವುದೇ ಬೇಡ. 2021ರ ನವೆಂಬರ್ ನೆನಪಿದ್ದವರಿಗೆ ವಿವರಿಸಬೇಕಾಗಿಲ್ಲ: ಕೊಯ್ದ ರಾಗಿ ಹೊಲದಲ್ಲೇ ಮೊಳಕೆಯೊಡೆಯಿತು, ಬಣವೆಗೆ ಸೇರಬೇಕಾದ ಹುಲ್ಲು ಕಪ್ಪಾಯಿತು. ಮೊದಲು ಬರ, ಆಮೇಲೆ ಬೇಡದ ಹೊತ್ತಿನ ಮಳೆ. ಕೋಲಾರದ ರೈತ ಎರಡನ್ನೂ ಒಂದೇ ವರ್ಷದಲ್ಲಿ ಕಂಡವನು.

ಈಗ ಸ್ವಲ್ಪ ಲೆಕ್ಕ ಮಾಡೋಣ; ಈ ವಿಷಯದಲ್ಲಿ ಲೆಕ್ಕ ಬಿಟ್ಟು ಮಾತಾಡಿದರೆ ಒಂದೋ ಗಾಬರಿ, ಇಲ್ಲವೇ ಉಡಾಫೆ. ಹಾಲಿನಲ್ಲಿ ಎಂ1 ಒಂದು ಕೆಜಿಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಿತಿ. ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರುಗಳನ್ನು ಸಾಲಾಗಿ ನಿಲ್ಲಿಸಿ, ಅಷ್ಟೂ ಹಾಲಿಗೆ ಒಂದು ಚಿಟಿಕೆ ಉಪ್ಪಿನಷ್ಟು, ಅಂದರೆ ಅರ್ಧ ಗ್ರಾಂ, ವಿಷ ಬೆರೆಸಿದರೆ ಆಗುವ ಪ್ರಮಾಣ ಇದು. ಇನ್ನು ಸಿದ್ಧ ಪಶು ಆಹಾರದಲ್ಲಿ ಬಿ1 ಕೆಜಿಗೆ 20 ಮೈಕ್ರೋಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಆ ಮಿತಿಯ ಅಂಚಿನಲ್ಲಿರುವ ಫೀಡನ್ನು ಒಂದು ಹಸು ದಿನಕ್ಕೆ ಆರು ಕೆಜಿ ತಿಂದಿತೆನ್ನಿ. ಒಳಹೋದದ್ದು 120 ಮೈಕ್ರೋಗ್ರಾಂ. ನೂರಕ್ಕೆ ಎರಡರಂತೆ 2.4 ಮೈಕ್ರೋಗ್ರಾಂ ಹಾಲಿಗೆ ಬರುತ್ತದೆ. ಹನ್ನೆರಡು ಲೀಟರ್ ಕರೆದರೆ ಲೀಟರಿಗೆ 0.2. ನಮ್ಮ ಮಿತಿಯೊಳಗೇ ಇದೆ, ನೆಮ್ಮದಿ. ಅದೇ ಹಸುವಿಗೆ ಮಾರುಕಟ್ಟೆಯಿಂದ ತಂದ ಬಿಡಿ ಹಿಂಡಿ ಎರಡು ಕೆಜಿ ಹಾಕಿ, ಆ ಹಿಂಡಿಯಲ್ಲಿ ಬಿ1 ಕೆಜಿಗೆ 200 ಇದ್ದರೆ? 400 ಒಳಗೆ, ಎಂಟು ಹೊರಗೆ, ಲೀಟರಿಗೆ 0.67. ಹಸು ಆರೋಗ್ಯವಾಗೇ ಕಾಣುತ್ತದೆ, ಫ್ಯಾಟೂ ಚೆನ್ನಾಗೇ ಬರುತ್ತದೆ, ಹಾಲು ಮಾತ್ರ ಮಿತಿ ಮೀರಿರುತ್ತದೆ.

ಇದೇ ಲೆಕ್ಕವನ್ನು ಯುರೋಪಿನ ಎದುರಿಟ್ಟರೆ ಮೊದಲನೆಯ ಹಾಲೂ ಫೇಲು. ಅಲ್ಲಿ ಹಾಲಿಗೆ ಮಿತಿ 0.05, ಹಸುವಿನ ಆಹಾರಕ್ಕೆ 5. ಹಾಲಿಗೆ ಹತ್ತು ಪಟ್ಟು, ಆಹಾರಕ್ಕೆ ನಾಲ್ಕು ಪಟ್ಟು ಬಿಗಿ. ಹಾಲಿಗೆ ನಮ್ಮ ಮಿತಿ ಅಂತರರಾಷ್ಟ್ರೀಯ ಆಹಾರ ಮಾನಕವಾದ ಕೋಡೆಕ್ಸ್ ಮತ್ತು ಅಮೆರಿಕಗಳ ಮಿತಿಗೆ ಸಮ. ಹಾಗಾದರೆ ನಾವು ಯುರೋಪಿನ ಮಿತಿಗೆ ಏರಬೇಕೆ? ಈ ವಾದ ಆಗಾಗ ಕೇಳಿಬರುತ್ತದೆ. ನನಗೆ ಅದರಲ್ಲಿ ಅಷ್ಟು ಉತ್ಸಾಹವಿಲ್ಲ. ಎಂ1ನ ಕ್ಯಾನ್ಸರ್ ಉಂಟುಮಾಡುವ ಶಕ್ತಿ ಬಿ1ನ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2001ರಲ್ಲಿ ಎರಡೂ ಮಿತಿಗಳನ್ನು ತೂಗಿ ನೋಡಿ, ಅವುಗಳ ನಡುವೆ ಅಪಾಯದ ಅಂತರ ತೀರ ಸಣ್ಣದು ಎಂದಿತು. ಹೆಪಟೈಟಿಸ್ ಬಿ ಇರುವವರಲ್ಲಿ ಮಾತ್ರ ಅಪಾಯ ಹೆಚ್ಚು. ನಿಜ ಹೇಳಬೇಕೆಂದರೆ ಬೂಷ್ಟು ಹಿಡಿದ ಕಡಲೆಬೀಜವನ್ನು ಕಹಿಯಾದರೂ ನುಂಗುವುದು ಹಾಲಿಗಿಂತ ದೊಡ್ಡ ಅಪಾಯ. ಕಾಗದದ ಮೇಲೆ ಮಿತಿ ಬಿಗಿ ಮಾಡುವುದು ಸುಲಭ, ಸಡಿಲ ಮಾಡುವುದು ಇನ್ನೂ ಸುಲಭ. 2012ರ ಬರದಿಂದ ಜೋಳ ಕೆಟ್ಟು, 2013ರ ಆರಂಭದಲ್ಲಿ ಸರ್ಬಿಯಾದ ಹಾಲು ಯುರೋಪಿನ ಮಿತಿ ದಾಟಿದಾಗ ಅಲ್ಲಿನ ಸರ್ಕಾರ ಮಿತಿಯನ್ನೇ 0.05ರಿಂದ 0.5ಕ್ಕೆ ಏರಿಸಿತು. ಹಾಲು ಇದ್ದ ಹಾಗೇ ಇತ್ತು.

ನಮ್ಮ ತೊಂದರೆ ಬೇರೆ: ಇರುವ 0.5ನ್ನೇ ನಾವು ಎಲ್ಲಿ, ಯಾವಾಗ, ಯಾಕೆ ಮೀರುತ್ತಿದ್ದೇವೆ ಎಂದು ತಿಳಿದುಕೊಳ್ಳುವ ವ್ಯವಸ್ಥೆ ಹಳ್ಳಿಯ ಮಟ್ಟದಲ್ಲಿಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ದೇಶದ 1,103 ಊರುಗಳಿಂದ 6,432 ಹಾಲಿನ ಮಾದರಿ ತೆಗೆದು ಪರೀಕ್ಷಿಸಿ, ಮರುವರ್ಷ ವರದಿ ಹೊರತಂದಿತು. ಯೂರಿಯಾ, ಡಿಟರ್ಜೆಂಟ್ ಮುಂತಾದ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12 ಮಾದರಿಗಳಲ್ಲಿ. ಮಿತಿ ಮೀರಿದ ಅಫ್ಲಾಟಾಕ್ಸಿನ್ ಎಂ1 ಸಿಕ್ಕಿದ್ದು 368ರಲ್ಲಿ, ನೂರಕ್ಕೆ 5.7. ನಮ್ಮ ಪಕ್ಕದ ತಮಿಳುನಾಡಿನದೇ ಹೆಚ್ಚು, 551ರಲ್ಲಿ 88. ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲೇ ಈ ತೊಂದರೆ ಹೆಚ್ಚು ಎಂದೂ ಪ್ರಾಧಿಕಾರ ಹೇಳಿತು.

ಆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ: 12 ಮತ್ತು 368. ವಾಟ್ಸಾಪಿನಲ್ಲಿ ನಮಗೆ ತಿಂಗಳಿಗೊಮ್ಮೆ ಬರುವುದು ಮೊದಲನೆಯದರ ವಿಡಿಯೋ. ಬಕೆಟಿಗೆ ಪುಡಿ ಸುರಿಯುವ ಕೈ, ನೊರೆ ಬರಿಸುವ ಯಂತ್ರ, ಹಿನ್ನೆಲೆಯಲ್ಲಿ ಗಾಬರಿಯ ಸಂಗೀತ. ಕಲಬೆರಕೆಗೆ ಒಬ್ಬ ಕಳ್ಳನಿರುತ್ತಾನೆ, ಕಳ್ಳನನ್ನು ಬೈಯುವುದರಲ್ಲಿ ಒಂದು ಸುಖವಿದೆ. ಬೂಷ್ಟಿನಲ್ಲಿ ಕಳ್ಳನಿಲ್ಲ. ಕಡಲೆಕಾಯಿ ಬೆಳೆದವನು ಮಳೆಯನ್ನು ತೋರಿಸುತ್ತಾನೆ, ಗಾಣದವನು ಬೆಳೆದವನನ್ನು, ಅಂಗಡಿಯವನು ಗಾಣವನ್ನು, ಹಸು ಸಾಕಿದವಳು ಅಂಗಡಿಯನ್ನು. ಎಲ್ಲರೂ ಹೇಳುವುದು ನಿಜವೇ. ಬೈಯಲು ಯಾರೂ ಸಿಗದ ತಪ್ಪು ಪತ್ರಿಕೆಯ ಮುಖಪುಟಕ್ಕೂ ಬರುವುದಿಲ್ಲ, ಗ್ರಾಮಸಭೆಗೂ ಬರುವುದಿಲ್ಲ.

ಕಾನೂನು ಕೂಡ ಇದೇ ಸಂದಿಯಲ್ಲಿ ಸಿಕ್ಕಿಕೊಂಡಿದೆ. 2006ರ ಆಹಾರ ಸುರಕ್ಷತಾ ಕಾಯ್ದೆ ‘ಆಹಾರ’ ಎಂದರೇನು ಎಂದು ಹೇಳುವಾಗ ಪಶು ಆಹಾರವನ್ನು ಹೊರಗಿಡುತ್ತದೆ. ರೈತನನ್ನೂ ಅವನ ಬೇಸಾಯವನ್ನೂ ಅದೇ ಕಾಯ್ದೆ ತನ್ನ ವ್ಯಾಪ್ತಿಯಿಂದ ಬಿಟ್ಟಿದೆ. ಅದು ಸರಿಯಾದದ್ದೇ, ಎರಡು ಹಸು ಕಟ್ಟಿಕೊಂಡವಳ ಬಾಗಿಲಿಗೆ ಇನ್‌ಸ್ಪೆಕ್ಟರ್ ಬರುವುದನ್ನು ನಾನಂತೂ ಬಯಸುವುದಿಲ್ಲ. ಪಶು ಆಹಾರಕ್ಕೆ ಮಾನಕವಿದೆ, ಆದರೆ ಮುದ್ರೆಯಿಲ್ಲದ ಚೀಲವೂ ಧಾರಾಳವಾಗಿ ಮಾರಾಟವಾಗುತ್ತದೆ. ಸಮೀಕ್ಷೆಯ ನಂತರ ವಾಣಿಜ್ಯ ಪಶು ಆಹಾರಕ್ಕೆ ಮಾನಕದ ಗುರುತು ಇರಲೇಬೇಕೆಂದು ಪ್ರಾಧಿಕಾರ ಆದೇಶಿಸಿತು, ಗಡುವು ಮುಂದೂಡುತ್ತ ಹೋಯಿತು. ಬಿಡಿ ಹಿಂಡಿಗಂತೂ ಹೆಸರೂ ಇಲ್ಲ, ಊರೂ ಇಲ್ಲ, ಗಾಣದಿಂದ ಹೊರಟ ದಿನಾಂಕವೂ ಇಲ್ಲ. ಹೀಗೆ ಹಿಂಡಿ ಕಾನೂನಿನ ಹೊರಗೆ, ಕೊಟ್ಟಿಗೆ ಕಾನೂನಿನ ಹೊರಗೆ. ಅಲ್ಲೆಲ್ಲ ಓಡಾಡಿ ಬಂದ ವಿಷ ಹಾಲಾಗಿ ಡೇರಿಯ ಟ್ಯಾಂಕಿಗೆ ಬಿದ್ದ ಕ್ಷಣದಿಂದ ಮಾತ್ರ ಅಪರಾಧ.

ಆದ್ದರಿಂದ ಹೆಚ್ಚಿನವರು ಸೂಚಿಸುವ ಪರಿಹಾರ, ಹಾಲನ್ನು ಇನ್ನಷ್ಟು ಪರೀಕ್ಷಿಸಿ ಮಿತಿ ಮೀರಿದ್ದನ್ನು ತಿರಸ್ಕರಿಸಿ ಎಂಬುದು. ಕೇಳಲು ನ್ಯಾಯವಾಗಿದೆ. ಅದು ನಡೆಯುವ ಬಗೆ ಊಹಿಸಿ. ಹಾಲು ಬೇಡ ಎಂದು ಕ್ಯಾನು ತಿರುಗಿಸಿದರೆ ಅವತ್ತಿನ ಎರಡು ಹೊತ್ತಿನ ಸಂಪಾದನೆ ಹೋಯಿತು. ಹಿಂಡಿಯ ದುಡ್ಡನ್ನು ಅಂಗಡಿಯವನು ವಾಪಸ್ ಕೊಡುವುದಿಲ್ಲ. ತಿರಸ್ಕೃತವಾದ ಹಾಲನ್ನು ಹಸು ಸಾಕಿದವಳು ಚರಂಡಿಗೆ ಚೆಲ್ಲುತ್ತಾಳೆಯೇ? ಪೇಟೆಯ ಹೋಟೆಲಿಗೋ ಬಿಡಿ ವ್ಯಾಪಾರಿಗೋ ಕೊಡುತ್ತಾಳೆ, ಉಳಿದದ್ದನ್ನು ಮಕ್ಕಳಿಗೆ ಕುಡಿಸುತ್ತಾಳೆ. ಚೀಲದಲ್ಲಿ ಉಳಿದ ಹಿಂಡಿ ನಾಳೆಯೂ ಹಸುವಿನ ಮುಂದೆ ಇರುತ್ತದೆ. ಫ್ಯಾಟ್ ಕಡಿಮೆ ಎಂದು ದರ ಕತ್ತರಿಸಿದರೆ ಹಸುವಿಗೆ ಒಳ್ಳೆಯದು ತಿನ್ನಿಸಬೇಕು ಎಂಬ ದಾರಿಯಾದರೂ ಅವಳಿಗೆ ಗೊತ್ತು. ಕಣ್ಣಿಗೆ ಕಾಣದ ವಿಷಕ್ಕಾಗಿ ದಂಡಿಸಿದರೆ ಅವಳ ಕೈಯಲ್ಲಿ ಮಾಡಬಹುದಾದದ್ದು ಏನೂ ಇರುವುದಿಲ್ಲ.

ನಾನು ಹೇಳಬಯಸುವುದು ಇಷ್ಟು: ಹಾಲನ್ನು ಪರೀಕ್ಷಿಸಲೇಬೇಕು, ಆದರೆ ಅದನ್ನು ಕಟಕಟೆಯಲ್ಲಿ ಆರೋಪಿಯ ಜಾಗದಿಂದ ತೆಗೆದು ಸಾಕ್ಷಿಯ ಜಾಗದಲ್ಲಿ ನಿಲ್ಲಿಸಬೇಕು.

ಇದಕ್ಕೆ ವಿಜ್ಞಾನದ್ದೇ ಒಂದು ಗಟ್ಟಿ ಕಾರಣವಿದೆ. ಹಿಂಡಿಯನ್ನು ನೇರವಾಗಿ ಪರೀಕ್ಷಿಸುವುದು ಕಂಡಷ್ಟು ಸುಲಭವಲ್ಲ. ವಿಷ ಎಲ್ಲ ಕಡೆ ಸಮವಾಗಿ ಹರಡಿರುವುದಿಲ್ಲ. ಸಾವಿರ ಬೀಜ ಚೆನ್ನಾಗಿದ್ದು ಒಂದರಲ್ಲಿ ರಾಶಿ ವಿಷವಿರಬಹುದು. ಲಾರಿಯ ಒಂದು ಮೂಲೆಯ ಚೀಲದಿಂದ ಮುಷ್ಟಿ ತೆಗೆದರೆ ಪಾಸು, ಇನ್ನೊಂದು ಮೂಲೆಯದು ಫೇಲು. ಮಾದರಿ ತೆಗೆಯುವುದರಲ್ಲೇ ಅರ್ಧ ತಪ್ಪು ನಡೆದುಹೋಗುತ್ತದೆ. ಹಾಲು ಹಾಗಲ್ಲ. ಹಸು ಚೀಲವನ್ನು ದಿನದಿನವೂ ತಿಂದು, ಅರೆದು, ಬೆರೆಸಿ, ಒಂದೇ ಹದದ ದ್ರವವಾಗಿ ಕೊಡುತ್ತದೆ. ಇಡೀ ಹಳ್ಳಿಯ ಹಾಲು ಬಲ್ಕ್ ಕೂಲರಿನಲ್ಲಿ ಸೇರಿದಾಗ ಅದು ಇಡೀ ಹಳ್ಳಿಯ ಮೇವಿನ ಸರಾಸರಿ. ಇದಕ್ಕಿಂತ ಒಳ್ಳೆಯ ಮಾದರಿಯನ್ನು ಯಾವ ಪ್ರಯೋಗಾಲಯವೂ ತೆಗೆಯಲಾರದು.

ಸಾಕ್ಷಿಯಿಂದ ಏನು ಕೇಳಬೇಕು ಎಂಬುದೂ ಗೊತ್ತಿರಬೇಕು. ಆರುನೂರು ಲೀಟರ್ ಕೂಡುವ ಹಳ್ಳಿಯ ಹಾಲಿನ ಸಂಘದಲ್ಲಿ ಒಂದೇ ಮನೆಯ ಎಂಟು ಲೀಟರಿನಲ್ಲಿ ಲೀಟರಿಗೆ 3 ಮೈಕ್ರೋಗ್ರಾಂ ಇತ್ತೆನ್ನಿ, ಮಿತಿಯ ಆರು ಪಟ್ಟು. ಕೂಲರಿನಲ್ಲಿ ಅದು ಸೇರಿಸುವುದು 0.04 ಮಾತ್ರ, ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಕೂಲರಿನಲ್ಲಿ 0.5 ದಾಟಿತೆಂದರೆ ಅದು ಒಬ್ಬಳ ಅಜಾಗ್ರತೆಯಲ್ಲ. ಊರಿನ ಬಹುಪಾಲು ಮನೆಗಳಿಗೆ ಒಂದೇ ಮೂಲದಿಂದ ಕೆಟ್ಟ ಸರಕು ಬಂದಿದೆ. ಒಂದೇ ಅಂಗಡಿಯ ಹಿಂಡಿ, ಒಂದೇ ಲೋಡಿನ ಫೀಡು, ಒಂದೇ ವಾರದ ಜೋಳ. ಸಂಸ್ಕರಿಸಿದ ಹಾಲಿನಲ್ಲಿ ತೊಂದರೆ ಹೆಚ್ಚು ಕಂಡದ್ದಕ್ಕೂ ಇದೇ ಕಾರಣವಿರಬಹುದು ಎಂದು ನನ್ನ ಊಹೆ: ಡೇರಿಗೆ ಹಾಲು ಹಾಕುವವರು ಕೊಂಡ ಮೇವನ್ನು ಹೆಚ್ಚು ನೆಚ್ಚಿದವರು.

ಪತ್ತೆ ಹಚ್ಚಲು ದೊಡ್ಡ ಏರ್ಪಾಡೇನೂ ಬೇಕಿಲ್ಲ. ಹಾಲಿನಲ್ಲಿ ಎಂ1 ಇದೆಯೇ ಎಂದು ಕಾಲು ಗಂಟೆಯೊಳಗೆ ಹೇಳುವ ಪಟ್ಟಿಗಳು ಮಾರುಕಟ್ಟೆಯಲ್ಲಿವೆ, ಒಂದೊಂದಕ್ಕೆ ನೂರಾರು ರೂಪಾಯಿ. ಪ್ರತಿ ಮನೆಯ ಕ್ಯಾನಿಗೆ ಅದನ್ನು ಅದ್ದುವುದು ಹುಚ್ಚುತನ. ಪ್ರತಿ ಕೂಲರಿಗೆ ವಾರಕ್ಕೊಮ್ಮೆ, ಮಳೆಗಾಲ ಮುಗಿಯುವ ತಿಂಗಳುಗಳಲ್ಲಿ ಎರಡು ಬಾರಿ ಅದ್ದುವುದು ಸಾಧ್ಯದ ಮಾತು. 0.5 ಮುಟ್ಟುವವರೆಗೆ ಕಾಯದೆ ಅದರ ಅರ್ಧಕ್ಕೇ ಎಚ್ಚರಿಕೆಯ ಗೆರೆ ಎಳೆಯಬಹುದು. ಗೆರೆ ದಾಟಿದ ಊರಿನಲ್ಲಿ ಆ ವಾರ ಯಾವ ಸರಕು ಬಂದಿತ್ತು ಎಂದು ನೋಡಬೇಕು. ಅದಕ್ಕಾಗಿ ಸಂಘದ ಮೂಲಕ ಮಾರಾಟವಾಗುವ ಪ್ರತಿ ಲೋಡಿನಿಂದ ಒಂದು ಡಬ್ಬಿ ಫೀಡು ತೆಗೆದು, ದಿನಾಂಕ ಬರೆದು, ಸಂಘದ ಬೀರುವಿನಲ್ಲಿಡಬೇಕು. ಅನುಮಾನ ಬಂದಾಗ ಆ ಡಬ್ಬಿ ಹೋಗಬೇಕಾದದ್ದು ಪ್ರಯೋಗಾಲಯಕ್ಕೆ. ಪಶು ಪೋಷಣೆಗೆಂದೇ ಇರುವ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿದೆ, ಪಶುವೈದ್ಯ ಕಾಲೇಜು ಹೆಬ್ಬಾಳದಲ್ಲಿದೆ, ವಿಷದ ವಿಶ್ಲೇಷಣೆಯಲ್ಲಿ ಪಳಗಿದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೈಸೂರಿನಲ್ಲಿದೆ. ಕೋಲಾರದವರು ದೂರ ಹೋಗಬೇಕಾಗಿಲ್ಲ.

ಇದನ್ನು ಮಾಡಬಲ್ಲವರು ಸಹಕಾರಿ ಒಕ್ಕೂಟಗಳೇ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಅವುಗಳ ಎರಡು ಕೈ. ಒಂದು ಕೈಯಿಂದ ಹಾಲು ಕೊಳ್ಳುತ್ತವೆ, ಇನ್ನೊಂದರಿಂದ ಫೀಡು ಮಾರುತ್ತವೆ. ಮಹಾಮಂಡಳಿಗೆ ರಾಜಾನುಕುಂಟೆ, ಗುಬ್ಬಿ, ಹಾಸನ, ಧಾರವಾಡಗಳಲ್ಲಿ ಸ್ವಂತ ಪಶು ಆಹಾರ ಕಾರ್ಖಾನೆಗಳಿವೆ. ಆ ಫೀಡು ಕೆಟ್ಟದ್ದು ಎಂಬುದು ನನ್ನ ಮಾತಲ್ಲ; ಬದಲಿಗೆ ಕಾರ್ಖಾನೆಯ ಚೀಲಕ್ಕೆ ಬ್ಯಾಚು, ದಿನಾಂಕ ಇರುತ್ತವೆ, ಹಿಂದೆ ಹೋಗಿ ಹುಡುಕಬಹುದು. ಗುಟ್ಟಿರುವುದು ಬಿಡಿ ಹಿಂಡಿಯಲ್ಲಿ. ಹಾಲಿಗೆ ಬಟವಾಡೆ ಕೊಡುವ ಸಂಘವೇ ಪರೀಕ್ಷಿಸಿದ ಹಿಂಡಿಯನ್ನೂ ಇಟ್ಟು ಮಾರಿದರೆ, ಕೆಟ್ಟದ್ದು ಕಂಡುಬಂದ ಚೀಲವನ್ನು ಮರುಮಾತಿಲ್ಲದೆ ಬದಲಿಸಿಕೊಟ್ಟರೆ, ಪರೀಕ್ಷೆಯ ಹೆದರಿಕೆ ಅರ್ಧ ಕರಗುತ್ತದೆ. ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನದ ಜೊತೆಗೆ, ಎಚ್ಚರಿಕೆಯ ಗೆರೆಯೊಳಗೆ ವರ್ಷ ಕಳೆದ ಸಂಘಗಳಿಗೆ ಹತ್ತಿಪ್ಪತ್ತು ಪೈಸೆ ಹೆಚ್ಚು ಕೊಟ್ಟರೂ ಸಾಕು, ಊರಿನ ಜಗಲಿಯಲ್ಲಿ ಹಿಂಡಿಯ ಮಾತು ಶುರುವಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಫಲಿತಾಂಶ ಹೊರಗೆ ಬಂದರೆ ಬೆಂಗಳೂರಿನ ಗ್ರಾಹಕ ಬೆದರುತ್ತಾನೆ, ಹಾಲಿನ ಮಾರಾಟ ಬೀಳುತ್ತದೆ, ಕೊನೆಗೆ ಪೆಟ್ಟು ಬೀಳುವುದು ಮುಳಬಾಗಿಲಿನ ಹೆಂಗಸಿಗೇ ಎಂಬ ಆಕ್ಷೇಪ. ಬೆದರಿಕೆ ನಿಜ. ಆದರೆ 2019ರ ವರದಿ ಬಂದಾಗ ಆದದ್ದೇನು? ಎರಡು ದಿನ ಸುದ್ದಿಯಾಯಿತು, ಮರೆಯಾಯಿತು, ಹಿಂಡಿಯ ಅಂಗಡಿಗೆ ಅದರ ಬಿಸಿ ತಟ್ಟಲೇ ಇಲ್ಲ. ದೇಶದ ಲೆಕ್ಕದಲ್ಲಿ ಬಂದ ಸುದ್ದಿ ಯಾರದ್ದೂ ಅಲ್ಲ. ಸಂಘದ ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲಿ ಫ್ಯಾಟಿನ ಪಕ್ಕ ಬರೆದ ಸಂಖ್ಯೆ ಆ ಊರಿನದು. ಗ್ರಾಹಕನಿಗೆ ತಿಂಗಳ ಸರಾಸರಿ ಸಾಕು. ಸಾಕುವವರಿಗೆ ವಾರದ ಸಂಖ್ಯೆ ಬೇಕು, ಯಾಕೆಂದರೆ ಹಿಂಡಿ ಬದಲಿಸಿದ ನಾಲ್ಕೇ ದಿನಕ್ಕೆ ಹಾಲು ತಿಳಿಯಾಗುತ್ತದೆ. ಕಂಡ ವಾರದಲ್ಲೇ ವಾಸಿಯಾಗುವ ಇಂಥ ರೋಗಗಳು ಕೃಷಿಯಲ್ಲಿ ಎಷ್ಟಿವೆ?

ಅಲ್ಲಿಯವರೆಗೆ ಕೊಟ್ಟಿಗೆಯಲ್ಲಿ ಏನು ಮಾಡುವುದು ಎಂದು ಕೇಳುವವರಿದ್ದಾರೆ. ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹರವಿ ಒಣಗಿಸಿ ಹಾಕುವುದು ನಮ್ಮ ಕಡೆಯ ವಾಡಿಕೆ. ಬಿಸಿಲಿಗೆ ಬೂಷ್ಟು ಉದುರುತ್ತದೆ, ಒಳಗಿಳಿದ ವಿಷ ಬಹುಪಾಲು ಅಲ್ಲೇ ಇರುತ್ತದೆ, ತೊಳೆದರೂ ಅಷ್ಟೆ. ಕರೆಯುವ ಹಸುವಿಗೆ ಬೇಡ ಎಂದು ಗಬ್ಬದ ಹಸುವಿಗೋ ಕರುವಿಗೋ ಹಾಕುವುದು ಇನ್ನೂ ತಪ್ಪು, ಕರುವಿನ ಪಿತ್ತಜನಕಾಂಗ ಮೊದಲು ಸೋಲುತ್ತದೆ. ಒಳ್ಳೆಯ ಚೀಲವನ್ನೂ ಕೆಡಿಸುವುದು ನೆಲದ ತೇವ. ಚೀಲಗಳನ್ನು ಗೋಡೆಗೆ ಒರಗಿಸದೆ, ಕಲ್ಲಿನ ಮೇಲೆ ಹಲಗೆ ಹಾಸಿ ಇಡುವುದು, ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟೇ ತರುವುದು, ಇವೆಲ್ಲ ದುಡ್ಡಿಲ್ಲದೆ ಆಗುವ ಕೆಲಸ. ಬೆಂಟೊನೈಟ್ ಎಂಬ ಜೇಡಿಯನ್ನು ಮೇವಿನಲ್ಲಿ ಬೆರೆಸಿದರೆ ಅದು ಕರುಳಿನಲ್ಲೇ ಬಿ1 ಅನ್ನು ಹಿಡಿದು ಸಗಣಿಯಲ್ಲಿ ಹೊರಹಾಕುತ್ತದೆ. ಯುರೋಪು 2013ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಒಳ್ಳೆಯ ಉಪಾಯವೇ. ಆದರೆ ‘ಟಾಕ್ಸಿನ್ ಬೈಂಡರ್’ ಎಂಬ ಬಣ್ಣದ ಪೊಟ್ಟಣದ ಜೊತೆ ಕೆಟ್ಟ ಹಿಂಡಿಯೂ ನಿಶ್ಚಿಂತೆಯಿಂದ ಮಾರಾಟವಾಗತೊಡಗಿದರೆ ಔಷಧಿಯೇ ರೋಗಕ್ಕೆ ಪರವಾನಗಿ ಕೊಟ್ಟಂತಾಗುತ್ತದೆ.

ಗ್ರಾಹಕನ ಚಿಂತೆಯಲ್ಲಿ ನಾವು ಮರೆಯುವ ಒಂದು ಲೋಟವಿದೆ. 2013ರ ಆಗಸ್ಟಿನಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಯ ಮಗುವಿಗೆ ಸಿಗುವ 150 ಮಿಲಿ ಹಾಲು ಹಲವು ತಾಲ್ಲೂಕುಗಳ ಹಾಲು ಬೆರೆತು ಪುಡಿಯಾಗಿ ಬಂದದ್ದು. ಬೆಂಗಳೂರಿನ ಪ್ಯಾಕೆಟ್ಟೂ ಅಷ್ಟೆ, ಒಂದು ಕೆಟ್ಟ ಕ್ಯಾನು ಸಾವಿರ ಕ್ಯಾನಿನಲ್ಲಿ ತೆಳುವಾಗಿರುತ್ತದೆ. ಆ ಕೆಟ್ಟ ಕ್ಯಾನಿನ ಮನೆಯಲ್ಲಿ ಸಂಘಕ್ಕೆ ಹಾಕುವ ಮುನ್ನ ತೆಗೆದಿಟ್ಟ ಒಂದು ಲೀಟರ್ ಮಾತ್ರ ಯಾವುದರ ಜೊತೆಗೂ ಬೆರೆಯುವುದಿಲ್ಲ. ನಮ್ಮ ಲೆಕ್ಕದ 3 ಮೈಕ್ರೋಗ್ರಾಂ ಹಾಲು ಕೂಲರಿನಲ್ಲಿ ಕರಗಿಹೋದ ಬೆಳಿಗ್ಗೆಯೇ, ಅದೇ ಹಸುವಿನ ಹಾಲಿನ ಲೋಟ ಆ ಮನೆಯ ಮಗುವಿನ ಕೈಯಲ್ಲಿ ಮಿತಿಯ ಆರು ಪಟ್ಟಿನಲ್ಲಿರುತ್ತದೆ. ಹೊಸ ಚೀಲ ಬರುವವರೆಗೂ, ದಿನಾ ಎರಡು ಹೊತ್ತು. ಆ ಲೋಟವನ್ನು ಪರೀಕ್ಷಿಸಲು ಯಾರೂ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಚೀಲ ಸರಿಯಿದ್ದರೆ.